ಹಳೆಯ ಮಸ್ಟಾಂಗ್ ಕೊಳ್ಳುವವರು ಮೊದಲು ವೀಲ್ ಕ್ಯಾಪ್ ಬಿಚ್ಚಿ ನೋಡಿ

ಹಳೆಯ ಅಮೆರಿಕನ್ ಕಾರು ಕೊಂಡು ಮನೆಯ ಗ್ಯಾರೇಜಿನಲ್ಲೇ ಹೊಸದು ಮಾಡಿಕೊಳ್ಳುವ ಹುಚ್ಚು ಹತ್ತಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಮಿಷಿಗನ್‌ನಲ್ಲಿ ನನಗೆ ಪರಿಚಯವಿರುವ ಕನ್ನಡಿಗರಲ್ಲೇ ಇಬ್ಬರು ಈಗ ಅಂಥ ಕಾರು ಹುಡುಕುತ್ತಿದ್ದಾರೆ. ಹೋದ ಬೇಸಿಗೆಯಲ್ಲಿ ನನ್ನ 1966ರ ಫೋರ್ಡ್ ಮಸ್ಟಾಂಗ್ ನಮ್ಮ ಬಡಾವಣೆಯ ಇಳಿಜಾರಿನಲ್ಲಿ ಬ್ರೇಕ್ ಇಲ್ಲದೆ ಓಡಿತು. ಪಕ್ಕದ ಸೀಟಿನಲ್ಲಿ ಶಿವಮೊಗ್ಗದಿಂದ ಬಂದಿದ್ದ ಅಪ್ಪ ಕೂತಿದ್ದರು.

ಮಸ್ಟಾಂಗ್ ಮಸಲ್ ಕಾರೇ (ದೊಡ್ಡ ಎಂಜಿನ್ನಿನ ವೇಗದ ಕಾರು) ಅಲ್ಲ, ಅದು ಪೋನಿ ಕಾರು (ಚಿಕ್ಕ, ಸ್ಪೋರ್ಟಿ ಕಾರು) ಎಂದು ತಗಾದೆ ತೆಗೆಯುವವರಿದ್ದಾರೆ. ಅವರ ಮಾತೇ ಸರಿ ಇರಬಹುದು. ಬ್ರೇಕ್ ಹೋದಾಗ ಆ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ.

ಕಾರು ಸಿಕ್ಕಿದ್ದು ಓಹಾಯೋದ ಒಬ್ಬ ವ್ಯಾಪಾರಿಯ ಬಳಿ. ಕೆಂಪು ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಬಾನೆಟ್ ಕೆಳಗೆ 289 ಘನ ಅಂಗುಲದ, ಅಂದರೆ ಸುಮಾರು 4.7 ಲೀಟರಿನ ವಿ8 (ಎಂಟು ಸಿಲಿಂಡರಿನ) ಎಂಜಿನ್. ಚಾಲಕನ ಬಾಗಿಲಿಗೆ ಹೊಡೆದಿದ್ದ ತಗಡಿನಲ್ಲಿ 6ಎಫ್07ಸಿ ಎಂದು ಶುರುವಾಗುವ ನಂಬರ್. 6 ಎಂದರೆ 1966, ಎಫ್ ಎಂದರೆ ಡಿಯರ್‌ಬಾರ್ನ್ ಕಾರ್ಖಾನೆ, 07 ಎಂದರೆ ಹಾರ್ಡ್‌ಟಾಪ್ (ಗಟ್ಟಿ ಛಾವಣಿಯ ಮಾದರಿ), ಸಿ ಎಂದರೆ 200 ಅಶ್ವಶಕ್ತಿಯ ವಿ8. ಇಷ್ಟನ್ನು ಓದಿಕೊಂಡು ಹೋಗಿದ್ದೆ, ನನ್ನ ಜ್ಞಾನಕ್ಕೆ ನಾನೇ ಬೀಗಿದೆ. ಮನೆಯಿಂದ ಅರ್ಧ ಗಂಟೆ ದೂರದ ಡಿಯರ್‌ಬಾರ್ನ್‌ನಲ್ಲಿ ಹುಟ್ಟಿದ ಕಾರು ಮರಳಿ ಬರುತ್ತಿದೆ ಎಂಬ ಭಾವುಕತೆ ಬೇರೆ. 'ಇದ್ದ ಸ್ಥಿತಿಯಲ್ಲೇ ಮಾರಾಟ' ಎಂಬ ಕಾಗದಕ್ಕೆ ರುಜು ಹಾಕಿದೆ.

ಮನೆಗೆ ತಂದ ಮೇಲೆ ನಾನು ಕೈ ಹಾಕಿದ್ದು ಸದ್ದು ಮಾಡುವ ಭಾಗಗಳಿಗೆ. ನಾಲ್ಕು ಬಾಯಿಯ ಕಾರ್ಬ್ಯುರೇಟರ್, ಅಲ್ಯೂಮಿನಿಯಂ ಮ್ಯಾನಿಫೋಲ್ಡ್, ಜೋಡಿ ಸೈಲೆನ್ಸರ್. ಮೂರು ತಿಂಗಳ ವಾರಾಂತ್ಯಗಳು ಇದಕ್ಕೇ ಹೋದವು. ಆ ನಡುವೆ ಬ್ರೇಕ್ ಆಯಿಲ್ ಎರಡು ಸಲ ಕಡಿಮೆಯಾಗಿತ್ತು. ಎರಡು ಸಲವೂ ಮೇಲಿಂದ ತುಂಬಿ ಮುಚ್ಚಳ ಹಾಕಿದ್ದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಬ್ರೇಕ್ ಆಯಿಲ್ ಆವಿಯಾಗಿ ಹೋಗುವಂಥದ್ದಲ್ಲ. ಮಟ್ಟ ಬೇಗ ಇಳಿಯಿತೆಂದರೆ ಅದು ಎಲ್ಲೋ ಸೋರುತ್ತಿದೆ.

ಅಪ್ಪ ಸಾಗರ–ಶಿವಮೊಗ್ಗ ದಾರಿಯಲ್ಲಿ ವರ್ಷಗಟ್ಟಲೆ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಹೊರಡುವ ಮುನ್ನ ಚಾಲಕನ ಸೀಟಿನಲ್ಲಿ ಒಂದು ನಿಮಿಷ ಕೂತು, ಪೆಡಲ್ ಒತ್ತಿ ಹಿಡಿದು, "ಇದು ಕೆಳಗೆ ಜಾರುತ್ತಿದೆಯಲ್ಲೋ" ಎಂದರು. "ಹಳೆಯ ಕಾರು ಅಪ್ಪಾ, ಹಾಗೆಯೇ ಇರುತ್ತದೆ" ಎಂದೆ. ಅವರು ಮತ್ತೇನೂ ಹೇಳದೆ ಆ ಕಡೆ ಹೋಗಿ ಕೂತರು.

ಬೀದಿಯ ತುದಿಯಲ್ಲಿ ನಿಲ್ಲಿಸಲು ಹೋದಾಗ ಪೆಡಲ್ ಸೀದಾ ತಳ ಮುಟ್ಟಿತು. ವೇಗ ಗಂಟೆಗೆ ಮೂವತ್ತು ಮೈಲಿಯೂ ಇರಲಿಲ್ಲ. "ಪಂಪ್ ಮಾಡು, ಗೇರ್ ಇಳಿಸು!" ಎಂದು ಅಪ್ಪ ಕೂಗಿದರು. ಮೂರನೆಯ ಸಲ ಒತ್ತಿದಾಗ ಒಂದಿಷ್ಟು ಹಿಡಿದಂತಾಗಿ ಬಿಟ್ಟುಹೋಯಿತು. ಆಟೊಮ್ಯಾಟಿಕ್ ಗೇರನ್ನು ಕೆಳಕ್ಕೆ ಎಳೆದು, ಡ್ಯಾಶ್‌ಬೋರ್ಡಿನ ಅಡಿಯ ಹ್ಯಾಂಡ್ ಬ್ರೇಕನ್ನು ಎರಡೂ ಕೈಯಿಂದ ಜಗ್ಗಿದೆ. ಕಾರು ಸ್ವಲ್ಪ ನಿಧಾನವಾಯಿತು, ನಿಲ್ಲಲಿಲ್ಲ. ಎದುರು ಮನೆಯವರ ಅಂಚೆ ಪೆಟ್ಟಿಗೆಯನ್ನು ಬುಡಸಮೇತ ಉರುಳಿಸಿ ಹುಲ್ಲಿನ ಮೇಲೆ ನಿಂತಿತು. ಸೊಂಟದ ಬೆಲ್ಟ್ ಬಿಟ್ಟರೆ ಆ ಕಾರಿನಲ್ಲಿ ನಮ್ಮನ್ನು ಹಿಡಿಯುವಂಥದ್ದು ಬೇರೇನೂ ಇರಲಿಲ್ಲ. ಮನೆಯ ಯಜಮಾನರು ಕಾಫಿ ಲೋಟ ಹಿಡಿದುಕೊಂಡೇ ಹೊರಗೆ ಬಂದರು. ಮೊದಲು ಅಪ್ಪನನ್ನು, ಆಮೇಲೆ ಕಾರನ್ನು, ಕೊನೆಗೆ ತಮ್ಮ ಅಂಚೆ ಪೆಟ್ಟಿಗೆಯನ್ನು ನೋಡಿದರು.

ಮಾರನೆಯ ದಿನ ಕಾರನ್ನು ಜಾಕ್ ಮೇಲೆ ಎತ್ತಿ ಹಿಂದಿನ ಬಲಗಾಲಿಯ ದೊಡ್ಡ ವೀಲ್ ಕ್ಯಾಪ್ ಕಿತ್ತೆ. ಒಳಗೆ ನಾಲ್ಕು ನಟ್‌ಗಳಿದ್ದವು. ಆ ಕಾಲದಲ್ಲಿ ವಿ8 ಮಸ್ಟಾಂಗ್‌ಗಳಿಗೆ ಗಾಲಿಗೆ ಐದು ನಟ್, ಆರು ಸಿಲಿಂಡರಿನವಕ್ಕೆ ನಾಲ್ಕು. ಓಡಿಹೋಗಿ ಮನೆಯೊಳಗಿನ ಮಾಲೀಕತ್ವದ ಪತ್ರ ತೆಗೆದು ನೋಡಿದೆ. ಅದರಲ್ಲಿದ್ದ ಕಾರಿನ ನಂಬರಿನ ಐದನೆಯ ಅಕ್ಷರ ಸಿ ಅಲ್ಲ, ಟಿ, ಅಂದರೆ ಆರು ಸಿಲಿಂಡರ್. ಬಾನೆಟ್ ಎತ್ತಿ, ಚಾಲಕನ ಕಡೆಯ ಮಡ್‌ಗಾರ್ಡಿನ ಒಳ ಅಂಚಿನಲ್ಲಿ ಕಾರ್ಖಾನೆಯವರು ಕೊರೆದ ನಂಬರಿನ ಮೇಲಿನ ದಪ್ಪ ಬಣ್ಣವನ್ನು ಥಿನ್ನರ್ ಬಟ್ಟೆಯಿಂದ ಒರೆಸಿದೆ. ಅಲ್ಲೂ ಟಿ. 120 ಅಶ್ವಶಕ್ತಿಯ ಆರು ಸಿಲಿಂಡರಿನ ಕಾರಿಗೆ ಯಾರೋ ವಿ8 ಇಳಿಸಿ, ಬಾಗಿಲಿಗೆ ಹೊಸ ತಗಡು ಹೊಡೆದಿದ್ದರು. ಅಂಥ ತಗಡುಗಳನ್ನು ಈಗಲೂ ಮಾಡಿಸಿಕೊಳ್ಳಬಹುದು. ಸತ್ಯ ಬರೆದಿದ್ದ ಕಾಗದ ಮೊದಲ ದಿನದಿಂದ ನನ್ನ ಬೀರುವಿನಲ್ಲೇ ಇತ್ತು.

ಎಂಜಿನ್ ಬದಲಾಗಿತ್ತು, ಬ್ರೇಕ್, ಆಕ್ಸಲ್ ಯಾವುದೂ ಬದಲಾಗಿರಲಿಲ್ಲ. ವಿ8 ಕಾರಿಗೆ ಹತ್ತು ಅಂಗುಲದ ಬ್ರೇಕ್ ಡ್ರಮ್ ಇರುತ್ತಿತ್ತು, ನನ್ನದಕ್ಕೆ ಒಂಬತ್ತು. ಹಿಂದಿನ ಆಕ್ಸಲ್ ಕೂಡ ಚಿಕ್ಕ ಎಂಜಿನ್ನಿನದೇ. ಡ್ರಮ್ ಬಿಚ್ಚಿದಾಗ, ಒಳಗೆ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಹರಿದು, ಬ್ರೇಕ್ ಲೈನರ್ ಎಣ್ಣೆಯಲ್ಲಿ ಅದ್ದಿದ ಬತ್ತಿಯಂತೆ ನೆನೆದಿತ್ತು. ಹ್ಯಾಂಡ್ ಬ್ರೇಕ್ ಹಿಡಿಯದಿದ್ದುದೂ ಅದಕ್ಕೇ, ಅದು ಎಳೆಯುವುದು ಹಿಂದಿನ ಡ್ರಮ್‌ಗಳನ್ನೇ. ಇನ್ನು 1966ರವರೆಗಿನ ಮಸ್ಟಾಂಗ್‌ನಲ್ಲಿ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಗಾಲಿಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಒಂದೇ ಕೋಣೆ. ಒಂದು ಗಾಲಿಯಲ್ಲಿ ಸೋರಿದರೆ ನಾಲ್ಕೂ ಗಾಲಿಗಳ ಒತ್ತಡ ಹೋಗುತ್ತದೆ. ಮುಂದಿನ ಗಾಲಿಗಳಿಗೊಂದು, ಹಿಂದಿನವಕ್ಕೊಂದು ಎಂಬಂತೆ ಎರಡು ಕೋಣೆ ಬಂದದ್ದು 1967ರ ಮಾದರಿಯಲ್ಲಿ. (ಹಳೆಯ ಡ್ರಮ್ಮಿನ ಧೂಳಿಗೆ ಗಾಳಿ ಹೊಡೆಯಬೇಡಿ, ಆಗಿನ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಮಾಡಿ ಒರೆಸಿ.)

ಮಿಷಿಗನ್‌ನಲ್ಲಿ ವರ್ಷಕ್ಕೊಮ್ಮೆ ಕಾರಿನ ಸುರಕ್ಷತಾ ತಪಾಸಣೆ ಮಾಡಿಸಬೇಕೆಂಬ ನಿಯಮವಿಲ್ಲ. ಹಾಗಾಗಿ ನಾವು ನೋಡದಿದ್ದರೆ ಬೇರೆ ಯಾರೂ ನೋಡುವುದಿಲ್ಲ. ಕಾರು ನೋಡಲು ಹೋಗುವಾಗ ಫ್ರಿಜ್ಜಿಗೆ ಅಂಟಿಸುವ ತೆಳು ಅಯಸ್ಕಾಂತವೊಂದನ್ನು ಜೇಬಿಗೆ ಹಾಕಿಕೊಳ್ಳಿ. ನನ್ನ ಕಾರಿನ ಹಿಂಗಾಲಿಯ ಮೇಲ್ಭಾಗದಲ್ಲಿ ಅದು ಅಂಟದೆ ಬಿದ್ದುಹೋಯಿತು. ಕೆಂಪು ಬಣ್ಣದ ಕೆಳಗಿದ್ದದ್ದು ಬರೀ ಪುಟ್ಟಿ. ವೈಪರ್ ಮುಂದಿನ ಜಾಲರಿಗೆ ಒಂದು ಬಾಟಲಿ ನೀರು ಸುರಿದು, ಒಳಗೆ ಕಾಲಿಡುವ ಜಾಗ ಒದ್ದೆಯಾಗುತ್ತದೆಯೇ ನೋಡಿ, ಆದರೆ ಜಾಲರಿಯ ಕೆಳಗೆ ತುಕ್ಕು ಹಿಡಿದಿರಬಹುದು. ವ್ಯಾಪಾರಿ ಬೇಡ ಎಂದರೆ ಅಲ್ಲಿಂದಲೇ ಹಿಂದಿರುಗಿ. ನನಗೆ ಮಾರಿದವನಿಗೆ ಫೋನ್ ಮಾಡಿದಾಗ, ನಾನು ರುಜು ಹಾಕಿದ ಆ ಒಂದು ಸಾಲನ್ನು ಶಾಂತವಾಗಿ ಓದಿ ಹೇಳಿದ.

ಈಗ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್, ಹೊಸ ಪೈಪುಗಳು, ಮುಂದೆ ಡಿಸ್ಕ್ ಬ್ರೇಕ್ ಹಾಕಿ ಆಗಿದೆ. ಹಿಂದಕ್ಕೆ ಐದು ನಟ್ಟಿನ, ಎಂಟು ಅಂಗುಲದ (ಒಳಗಿನ ದೊಡ್ಡ ಗೇರಿನ ಅಳತೆ) ಆಕ್ಸಲ್ ಇನ್ನೂ ಹುಡುಕುತ್ತಿದ್ದೇನೆ. ಕಾರು ನಾಲ್ಕು ಸ್ಟ್ಯಾಂಡ್‌ಗಳ ಮೇಲೆ ಕೂತಿದೆ. ಸುಮ್ಮನೆ ಒಮ್ಮೆ ಸ್ಟಾರ್ಟ್ ಮಾಡಿ ಸದ್ದು ಕೇಳೋಣ ಎಂದು ಮಗ ದಿನಾ ಪೀಡಿಸುತ್ತಾನೆ, ನನಗೂ ಆಸೆ ಇಲ್ಲದಿಲ್ಲ. ಬ್ಯಾಟರಿ ಬಿಚ್ಚಿ ನೆಲಮಾಳಿಗೆಯಲ್ಲಿ ಇಟ್ಟಿದ್ದೇನೆ.