ಮಳೆಗಾಲಕ್ಕೆ ಮೊದಲು ಸರಿಯಾದ ಇನ್ವರ್ಟರ್

ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರದ ಈ ಚಿಕ್ಕ ಬ್ಯಾಟರಿ ಅಂಗಡಿಗೆ ನನ್ನ ಕಡೆಯಿಂದ ಐದಕ್ಕೆ ಐದು. ನಮ್ಮ ಇನ್ವರ್ಟರ್ 24 ವೋಲ್ಟಿನದ್ದು. ಮೊದಲು ಬಂದವರು 12 ವೋಲ್ಟಿನ, 150 ಎಎಚ್‌ನ (ಆಂಪಿಯರ್-ಅವರ್, ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಎರಡು ಬ್ಯಾಟರಿಗಳನ್ನು ಪ್ಯಾರಲಲ್, ಅಂದರೆ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಜೋಡಿಸಿ ಹೋಗಿದ್ದರು. ಹಾಗೆ ಮಾಡಿದರೆ 300 ಎಎಚ್ ಸಿಗುತ್ತದೆ, ವೋಲ್ಟೇಜ್ ಮಾತ್ರ 12ರಲ್ಲೇ ನಿಲ್ಲುತ್ತದೆ. ಇನ್ವರ್ಟರ್ ಆನ್ ಆಗುವುದಾದರೂ ಹೇಗೆ, ಅಲ್ವಾ?

ಈ ಅಂಗಡಿಯವರು ಮನೆಗೇ ಬಂದರು. ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ಸನ್ನು ದಪ್ಪ ವೈರಿನಲ್ಲಿ ಸೇರಿಸಿ ಸೀರೀಸ್ ಮಾಡಿದರು. ಉಳಿದ ಎರಡು ತುದಿಗೆ ಮೀಟರ್ ಹಿಡಿದು ತೋರಿಸಿದರು: 25.4 ವೋಲ್ಟ್. ಟರ್ಮಿನಲ್‌ಗೆ ವ್ಯಾಸಲೀನ್ ಸವರಿದರು, ನಮ್ಮೂರಿನ ಉಪ್ಪುಗಾಳಿಗೆ ಅದು ಬೇಕೇ ಬೇಕು. "ಮುಂದೆ ಒಂದು ಹಾಳಾದರೆ ಹಳೆಯದರ ಜೊತೆ ಹೊಸದು ಹಾಕಬೇಡಿ ಅಕ್ಕ, ಎರಡನ್ನೂ ಬದಲಿಸಿ" ಅಂದರು. ಭಾನುವಾರ ಅಂಗಡಿ ರಜೆ.