ಫಿಲ್ ಪವರ್ ನಂಬರ್ ನೋಡಿ ಟಾಪ್ ಕ್ವಿಲ್ಟ್ ತಗೋಬೇಡಿ

ಈ ಸಲ ಚಳೀಲಿ ಹ್ಯಾಮಕ್ ಕಟ್ಟಿ ಮಲಗೋ ಪ್ಲಾನ್ ಇರೋರು, ಅದಕ್ಕೆ ಹಗುರವಾಗಿರೋ ಟಾಪ್ ಕ್ವಿಲ್ಟ್ (ಮೇಲೆ ಹೊದ್ಕೊಳೋ ಹೊದಿಕೆ) ಹುಡುಕ್ತಾ ಇರೋರು, ದುಡ್ಡು ಕಟ್ಟೋಕೆ ಮುಂಚೆ ದಯವಿಟ್ಟು ಇದನ್ನ ಪೂರ್ತಿ ಓದಿ. ಹೋದ ಅಕ್ಟೋಬರ್ ಕೊನೇಲಿ ನನಗಾಗಿದ್ದು ಇನ್ನೊಬ್ರಿಗೆ ಆಗೋದು ಬೇಡ.

ನಾವಿರೋದು ನಾರ್ತ್ ಕೆರೊಲೈನಾದ ಕ್ಯಾರಿಯಲ್ಲಿ. ಇಲ್ಲಿಂದ ಹೆಚ್ಚುಕಮ್ಮಿ ನಾಲ್ಕು ಗಂಟೆ ಡ್ರೈವ್ ಮಾಡಿದ್ರೆ ವರ್ಜೀನಿಯಾದ ಗ್ರೇಸನ್ ಹೈಲ್ಯಾಂಡ್ಸ್ ಸ್ಟೇಟ್ ಪಾರ್ಕ್, ಕುಳ್ಳ ಕುದುರೆಗಳು ಬಯಲಲ್ಲಿ ಆರಾಮಾಗಿ ಮೇಯ್ತಾ ಇರ್ತವೆ, ಅಪಲೇಚಿಯನ್ ಟ್ರೇಲ್ ಅನ್ನೋ ಉದ್ದನೆಯ ಚಾರಣದ ದಾರಿ ಅಲ್ಲೇ ಹಾದುಹೋಗತ್ತೆ. ಕಾರನ್ನ ಆ ಪಾರ್ಕಲ್ಲಿ ಬಿಟ್ಟು ನಾನು, ಶಿವಮೊಗ್ಗದ ಸ್ನೇಹಿತ ಒಬ್ಬ, ಇಬ್ರೂ ನ್ಯಾಷನಲ್ ಫಾರೆಸ್ಟ್ ಕಡೆ ಹತ್ತಿ ಮೌಂಟ್ ರಾಜರ್ಸ್ ಹತ್ರ ಸ್ಪ್ರೂಸ್ ಮರಗಳ ನಡುವೆ ಹ್ಯಾಮಕ್ ಕಟ್ಟಿದ್ವಿ. ಆ ಬೆಟ್ಟ 5,729 ಅಡಿ, ವರ್ಜೀನಿಯಾದಲ್ಲೇ ಎತ್ತರದ್ದು, ಕೆಳಗೆ ಸ್ವೆಟರ್ ಸಾಕು ಅನ್ನೋ ದಿನ ಮೇಲೆ ನೀರು ಹೆಪ್ಪುಗಟ್ಟಿರತ್ತೆ.

ಹೊಸಬರಿಗೆ ಒಂದ್ ಮಾತು. ಹ್ಯಾಮಕ್ ಅಂದ್ರೆ ಜೋಲಿ, ನಮ್ಮ ಮೈ ಭಾರಕ್ಕೆ ಬೆನ್ನ ಕೆಳಗಿರೋದೆಲ್ಲ ಅಪ್ಪಚ್ಚಿ ಆಗಿಬಿಡತ್ತೆ, ಅಪ್ಪಚ್ಚಿ ಆದ ಡೌನ್ (ಒಳಗೆ ತುಂಬಿರೋ ಬಾತುಕೋಳಿಯ ಮೆತ್ತನೆ ಪುಕ್ಕ) ಬೆಚ್ಚಗಿಡಲ್ಲ. ಅದಕ್ಕೇ ಹೊರಗಡೆ ಜೋತುಬಿದ್ದಂಗೆ ಅಂಡರ್‌ಕ್ವಿಲ್ಟ್ ಕಟ್ಟೋದು, ಮೇಲಕ್ಕೆ ಕೌದಿ ತರ ಹೊದ್ಕೊಳೋಕೆ ಟಾಪ್ ಕ್ವಿಲ್ಟ್. ಎಲ್ರೂ ಅಂಡರ್‌ಕ್ವಿಲ್ಟ್ ಬಗ್ಗೆನೇ ಹೇಳಿ ಹೇಳಿ ನಾನೂ ಅದಕ್ಕೇ ಚೆನ್ನಾಗಿ ಖರ್ಚು ಮಾಡ್ದೆ, ಮೇಲಿಂದು ಹೆಂಗೂ ಹೊದಿಕೆ ತಾನೇ ಅಂತ ತೂಕ ಕಮ್ಮಿ ಇರೋದು ನೋಡಿ ಆನ್‌ಲೈನಲ್ಲಿ ಒಂದು ಚಿಕ್ಕ ಕಂಪನಿಯಿಂದ ತರಿಸ್ದೆ. 400 ಗ್ರಾಂ ಅಷ್ಟೇ! 900 ಫಿಲ್ ಪವರ್ (ಡೌನ್ ಎಷ್ಟು ಅರಳತ್ತೆ ಅನ್ನೋ ಅಳತೆ), 25 ಡಿಗ್ರಿ ಫ್ಯಾರನ್‌ಹೀಟ್ ಅಂತ ಲೇಬಲ್, ಅಂದ್ರೆ ಮೈನಸ್ 4 ಸೆಲ್ಸಿಯಸ್.

ಆ ರಾತ್ರಿ ನನ್ನ ಪುಟ್ಟ ಥರ್ಮಾಮೀಟರ್ 28 ಫ್ಯಾರನ್‌ಹೀಟಿಗಿಂತ ಕೆಳಗೆ ಹೋಗ್ಲಿಲ್ಲ. ಲೇಬಲ್ ಪ್ರಕಾರ ನಾನು ಬೆಚ್ಚಗಿರ್ಬೇಕಿತ್ತು. ಒಂದು ಗಂಟೆ ಹೊತ್ತಿಗೆ ಎಚ್ಚರ ಆಯ್ತು, ಬೆನ್ನು ಬೆಚ್ಚಗಿದೆ, ಎದೆ ಮತ್ತೆ ಮಂಡಿ ಮಾತ್ರ ಯಾರೋ ಐಸ್ ಇಟ್ಟಂಗೆ. ಮಗ್ಗುಲು ಬದಲಿಸಿದಾಗೆಲ್ಲ ಭುಜದ ಹತ್ರ ಕ್ವಿಲ್ಟ್ ಮೇಲೆದ್ದು ಗಾಳಿ ಒಳಗೆ ನುಗ್ತಿತ್ತು, 48 ಇಂಚು ಅಗಲ, ಹ್ಯಾಮಕ್ಕಲ್ಲಿ ಓರೆಯಾಗಿ ಮಲಗೋನಿಗೆ ಎರಡೂ ಕಡೆ ಸಿಕ್ಕಿಸ್ಕೊಳೋಕೆ ಸಾಲಲ್ಲ. ಹೆಡ್‌ಲ್ಯಾಂಪ್ ಹಚ್ಚಿ ಕ್ವಿಲ್ಟ್ ಒಳಗಿಟ್ಟು ಹೊರಗಿಂದ ನೋಡ್ದೆ. ಡೌನ್ ತುಂಬೋಕೆ ಹೊಲಿದಿರೋ ಪಟ್ಟೆಗಳಲ್ಲಿ ಎದೆ ಮೇಲೆ ಬರೋ ನಾಲ್ಕರಲ್ಲಿ ಡೌನೇ ಇಲ್ಲ, ತೆಳ್ಳಗಿನ ಬಟ್ಟೆಲಿ ಬೆಳಕು ಹಂಗೇ ದಾಟಿ ಬರ್ತಿದೆ, ಇದ್ದಬದ್ದ ಡೌನೆಲ್ಲ ಜಾರಿ ಎರಡೂ ಅಂಚಲ್ಲಿ ಉಂಡೆ ಉಂಡೆಯಾಗಿ ಕೂತಿತ್ತು. ಪಟ್ಟೆಗಳು ಈ ಅಂಚಿಂದ ಆ ಅಂಚಿಗೆ ಅಡ್ಡಡ್ಡ, ಮಧ್ಯೆ ತಡೆಯೋಕೆ ಏನೂ ಇಲ್ಲ, ತುಂಬಿರೋದೂ ಕಮ್ಮಿ, ಜಾರದೆ ಇನ್ನೇನಾಗತ್ತೆ.

ಮೂರು ಗಂಟೆ ಹೊತ್ತಿಗೆ ನಡುಕ ನಿಲ್ತಾನೇ ಇಲ್ಲ, ಜಿಪ್ ಹಿಡಿಯೋಕೆ ಬೆರಳು ಬರ್ತಿಲ್ಲ. ಆಗ ನಿಜವಾಗ್ಲೂ ಹೆದರಿಕೆ ಆಯ್ತು, ಬೆರಳು ಮಾತು ಕೇಳದೇ ಇರೋದು ಹೈಪೋಥರ್ಮಿಯಾ (ಮೈ ಶಾಖ ಅಪಾಯ ಅನ್ನೋಷ್ಟು ಇಳಿಯೋದು) ಕಡೆ ಹೋಗ್ತಿರೋ ಲಕ್ಷಣ. ಸ್ನೇಹಿತನ್ನ ಕೂಗ್ದೆ. "ಲೋ, ಮೊದ್ಲೇ ಎಬ್ಬಿಸ್ಬಾರ್ದಿತ್ತೇನೋ" ಅಂತ ಬೈತಾನೇ ಎದ್ದು ಸ್ಟೌವ್ ಹಚ್ಚಿ ನೀರು ಕಾಯಿಸಿ ಗಟ್ಟಿ ಬಾಟಲಿಗೆ ತುಂಬಿ ಸಾಕ್ಸ್ ಒಳಗೆ ಹಾಕಿ ಕೊಟ್ಟ, ಅದನ್ನ ತೊಡೆ ಸಂದಿಲಿ ಇಟ್ಕೊಂಡೆ, ಅವನ ಡೌನ್ ಜಾಕೆಟ್ ಕ್ವಿಲ್ಟ್ ಕೆಳಗೆ ಎದೆ ಮೇಲೆ ಹರಡ್ಕೊಂಡೆ, ಕಡ್ಲೆಬೀಜದ ಚಿಕ್ಕಿ ತಿಂದೆ. ನಡುಕ ನಿಲ್ಲೋಕೆ ಅರ್ಧ ಗಂಟೆ ಹಿಡೀತು.

ವಾಪಸ್ ಬಂದು ಕಂಪನಿಗೆ ಬರೆದ್ರೆ "ರೇಟಿಂಗ್ ಲೇಯರ್ಸ್ ಹಾಕ್ಕೊಂಡು ಮಲಗೋರಿಗೆ, ಬಳಸಿದ ಕ್ವಿಲ್ಟ್ ವಾಪಸ್ ತಗೊಳಲ್ಲ" ಅಂತ ಉತ್ತರ. ಅದನ್ನ ಮಾರೋ ಪೇಜಲ್ಲಿ ಎಲ್ಲೂ ಹೇಳಿರ್ಲಿಲ್ಲ.

ಆಮೇಲೆ ಕೂತು ಓದಿದ್ಮೇಲೆ ಅರ್ಥ ಆಗಿದ್ದು ಇದು. ಫಿಲ್ ಪವರ್ ಅಂದ್ರೆ ಒಂದು ಔನ್ಸ್ ಡೌನ್ ಎಷ್ಟು ಘನ ಇಂಚು ಜಾಗಕ್ಕೆ ಅರಳತ್ತೆ ಅನ್ನೋದು ಅಷ್ಟೇ, ಒಳಗೆ ಎಷ್ಟು ಔನ್ಸ್ ತುಂಬಿದಾರೆ ಅಂತ ಅದು ಹೇಳಲ್ಲ. ನಂದರಲ್ಲಿ ಇದ್ದಿದ್ದು 7 ಔನ್ಸ್, 900 ಇಂಟು 7, 6,300. ಈಗ ತಗೊಂಡಿರೋದು 800 ಫಿಲ್ ಪವರ್ರೇ, ಆದ್ರೆ 15 ಔನ್ಸ್, 12,000 ಆಯ್ತು, ಹತ್ರ ಹತ್ರ ಎರಡರಷ್ಟು! ಅಗಲ 55 ಇಂಚು. ತೂಕ ಜಾಸ್ತಿ ಆಗಿದ್ದು 280 ಗ್ರಾಂ, ಒಂದು ಲೋಟ ನೀರಿನಷ್ಟು. ಅಷ್ಟು ಉಳಿಸೋಕೆ ಹೋಗಿ ಆ ರಾತ್ರಿ.

ಅದಕ್ಕೇ ಫಿಲ್ ವೆಯ್ಟ್, ಅಂದ್ರೆ ಒಳಗೆ ತುಂಬಿರೋ ಡೌನಿನ ತೂಕ, ಎಷ್ಟು ಅಂತ ಕೇಳಿ, ಹೇಳದಿದ್ರೆ ಆ ಕಂಪನಿ ಬಿಟ್ಬಿಡಿ. ಮನೆಗೆ ಬಂದ ತಕ್ಷಣ ಟ್ಯಾಗ್ ಕೀಳದೇ ಒಂದಿನ ಹರಡಿಟ್ಟು ಮಧ್ಯದಲ್ಲಿ ಸ್ಕೇಲ್ ಹಿಡಿದು ದಪ್ಪ ನೋಡಿ, ಬೆಳಕಿಗೆ ಹಿಡಿದು ನೋಡಿ. ನಂದು ಮಧ್ಯೆ ಒಂದೂವರೆ ಇಂಚೂ ಇರ್ಲಿಲ್ಲ. ರೇಟಿಂಗ್ ಕಂಫರ್ಟಾ ಲಿಮಿಟ್ಟಾ ಅಂತಾನೂ ಕೇಳಿ, ಲಿಮಿಟ್ ಅಂದ್ರೆ ಮುದುಡ್ಕೊಂಡು ಹೆಂಗೋ ರಾತ್ರಿ ಕಳೆಯೋ ಲೆಕ್ಕ, ಎಷ್ಟೋ ಕ್ವಿಲ್ಟ್‌ಗಳಿಗೆ ಲ್ಯಾಬ್ ಟೆಸ್ಟೇ ಆಗಿರಲ್ಲ, ಕಂಪನಿ ಹೇಳಿದ್ದೇ ನಂಬರ್. ನಾನಂತೂ ಈಗ ಫೋರ್‌ಕಾಸ್ಟಿಗಿಂತ 10 ಡಿಗ್ರಿ ಫ್ಯಾರನ್‌ಹೀಟ್ ಕೆಳಗಿನ ರೇಟಿಂಗ್ ಇರೋದೇ ತಗೊಂಡು ಹೋಗೋದು. ಕ್ವಿಲ್ಟಿಗೆ ಹುಡ್ ಇರಲ್ಲ, ತಲೆಗೆ ಬೇರೆ ದಪ್ಪ ಟೋಪಿ ಬೇಕೇ ಬೇಕು. ಮುಸುಕು ಹಾಕ್ಕೊಂಡು ಮಾತ್ರ ಮಲಗ್ಬೇಡಿ, ಉಸಿರಿನ ತೇವಕ್ಕೆ ಡೌನ್ ಕುಗ್ಗತ್ತೆ. ಮಂಜು, ತೇವ ಜಾಸ್ತಿ ಇರೋ ಕಡೆಗೆ ಹೋಗೋರು ಸ್ವಲ್ಪ ಭಾರ ಆದ್ರೂ ಸಿಂಥೆಟಿಕ್ ನೋಡಿ, ಒದ್ದೆ ಆದ್ರೂ ಪೂರ್ತಿ ಕೈ ಕೊಡಲ್ಲ.

ಹಳೇದನ್ನ ಮಾರಿಬಿಡು ಅಂತ ಮನೇಲಿ ಹೇಳಿದ್ರು. ಆ 25 ಅನ್ನೋ ಲೇಬಲ್ ನಂಬಿ ಇನ್ಯಾರೋ ಬೆಟ್ಟದ ಮೇಲೆ ಹೊದ್ಕೊಂಡು ಮಲಗ್ತಾರಲ್ಲ ಅಂತ ಮನಸ್ಸು ಬರ್ಲಿಲ್ಲ. ಲೇಬಲ್ ಕತ್ತರಿಸಿ ಹಾಕಿ, ಮೇ ತಿಂಗಳ ಕ್ಯಾಂಪಿಂಗ್‌ಗೆ ಅಂತ ಇಟ್ಕೊಂಡಿದೀನಿ.