ಗಂಗಾವತಿ ಭಾನುವಾರದ ಜಾವಾಸ್ಕ್ರಿಪ್ಟ್ ಕ್ಲಾಸು, ಎರಡು ತಿಂಗಳು ಹೋಗಿ ಬಂದ ಮ್ಯಾಲೆ

ಬಸ್ ಸ್ಟ್ಯಾಂಡ್ ಹತ್ರ ಮಹಡಿ ಮ್ಯಾಲೆ ನಡಿಯೋ ಕ್ಲಾಸಿದು, ವೆಬ್ ಪೇಜ್‌ಗೆ ಕೋಡ್ ಬರಿಯೋ ಜಾವಾಸ್ಕ್ರಿಪ್ಟ್ ಭಾಷೆ ಕಲಿಸ್ತಾರ. ನಾನು ರೈಸ್ ಮಿಲ್ ಆಫೀಸ್‌ನಾಗ ಇರೋದು, ಅಲ್ಲಿ ಸೋನಾ ಮಸೂರಿ ಚೀಲದ ಬಿಲ್ ಪೇಜ್ ನಾನ ಬರದದ್ದು, ಅದರ ತುಂಬ ಇಫ್ ಎಲ್ಸ್ (ಹಿಂಗಿದ್ರ ಇದು, ಇಲ್ಲಂದ್ರ ಅದು ಅನ್ನೋ ಕೋಡ್), ಎಲ್ಲಿ ಏನು ತಪ್ಪೈತಿ ಅಂತ ಹುಡುಕೋದ ದೊಡ್ಡ ಕೆಲಸ ಆಗಿತ್ತು.

ಬಾಕಿ ಪಾಠ ಚಲೋನ ಇದ್ವು, ಆದ್ರ ಕೊಟ್ಟ ದುಡ್ಡು ವಸೂಲ್ ಆಗಿದ್ದು ಕಂಡಿಷನ್ ಪಾಠದಾಗ. ಮೇಡಂ ಮೊದಲ ಹೇಳಿಬಿಟ್ರು, ಇಫ್ ಅನ್ನೋದು ಸ್ಟೇಟ್‌ಮೆಂಟು, ಕೆಲಸ ಮಾಡ್ತೈತಿ ಆದ್ರ ಕೈಗೆ ವ್ಯಾಲ್ಯೂ ಕೊಡಂಗಿಲ್ಲ, ಅದಕ್ಕ ಈಕ್ವಲ್ ಚಿಹ್ನೆ ಬಲಕ್ಕ ಅದನ್ನ ಇಡಾಕ ಬರಂಗಿಲ್ಲ ಅಂತ. ನಾನು ದರ ಅನ್ನೋದನ್ನ ಖಾಲಿ ಬಿಟ್ಟು ಕೆಳಗ ಇಫ್‌ನಾಗ ತುಂಬ್ತಿದ್ದೆ, ಒಂದ್ ಕಡೆ ತುಂಬೋದು ಮರೆತ್ರ ಬಿಲ್‌ನಾಗ ಅನ್‌ಡಿಫೈನ್ಡ್ (ಏನೂ ತುಂಬಿಲ್ಲ) ಅಂತ ಬರ್ತಿತ್ತು. ಈಗ ಒಂದ ಸಾಲು, ಪ್ರಶ್ನಾರ್ಥಕದ ಎಡಕ್ಕಿನ ಮಾತು ಖರೆ ಆದ್ರ ಮೊದಲನೇ ವ್ಯಾಲ್ಯೂ, ಇಲ್ಲಂದ್ರ : ಆದ್ಮ್ಯಾಲಿಂದು:

ದರ = ಚೀಲ >= 100 ? ಸಗಟು : ಚಿಲ್ಲರೆ

ಹೆಸರು ಕನ್ನಡದಾಗ ಇಟ್ರೂ ನಡೀತೈತಿ, ನಾನ ಓಡಿಸಿ ನೋಡೀನಿ. ಎರಡರಾಗ ಒಂದು ವ್ಯಾಲ್ಯೂ ಬಂದ ಬರ್ತೈತಿ, ಖಾಲಿ ಉಳಿಯೋ ಮಾತ ಇಲ್ಲ, ಕಾನ್‌ಸ್ಟ್ ಹಾಕಿ, ಮತ್ತ ಬದಲಾಗದಂಗ ಭದ್ರ ಮಾಡಬೋದು.

ಇನ್ನ ಹಮಾಲಿ ಕಥಿ. ನಾನು ಹಮಾಲಿ || 6 ಅಂತ ಬರದಿದ್ದೆ (|| ಅಂದ್ರ ಎಡಕ್ಕಿಂದು ಸುಳ್ಳಾದ್ರ ಬಲಕ್ಕಿಂದು ತಗೋ ಅಂತ), ಏನೂ ಹಾಕದಿದ್ರ ಚೀಲಕ್ಕ 6 ರೂಪಾಯಿ ಬೀಳ್ಲಿ ಅಂತ. ಆದ್ರ ತಮ್ಮ ಹಮಾಲರನ್ನ ತಾವ ಕರ್ಕೊಂಡು ಬಂದ ಗಿರಾಕಿಗೆ ಸೊನ್ನೆ ಹಾಕಿದ್ರೂ 6 ಬೀಳ್ತಿತ್ತು, ಯಾಕಂದ್ರ || ಕಣ್ಣಿಗೆ ಸೊನ್ನೆನೂ ಸುಳ್ಳ, ಖಾಲಿ ಸ್ಟ್ರಿಂಗೂ (ಒಂದೂ ಅಕ್ಷರ ಇಲ್ದ ಪಠ್ಯ) ಸುಳ್ಳ. ಒಬ್ಬ ಯಜಮಾನ್ರು ಬಿಲ್ ಹಿಡ್ಕೊಂಡು ಬಂದು ಕೇಳಿದಾಗ ನನಗ ಭಾಳ ನಾಚಿಕಿ ಆಗಿತ್ತು. 2020ರಾಗ ಬಂದ ?? ಅನ್ನೋ ಚಿಹ್ನೆ ನಲ್ (ಬೇಕಂತ ಖಾಲಿ ಇಟ್ಟದ್ದು) ಮತ್ತ ಅನ್‌ಡಿಫೈನ್ಡ್ ಎರಡನ್ನ ಅಷ್ಟ ನೋಡ್ತೈತಿ, ಸೊನ್ನೆ ಮುಟ್ಟಂಗಿಲ್ಲ. ಅವತ್ತ ಮನಿಗೆ ಬಂದು ಬದಲಿ ಮಾಡಿದೆ. ಬ್ರ್ಯಾಕೆಟ್ ಇಲ್ದ ?? ಜೊತಿ || ಬೆರೆಸಿದ್ರ ಸಿಂಟ್ಯಾಕ್ಸ್ ಎರರ್ ಬರ್ತೈತಿ, ಇದನ್ನೂ ಹೇಳಿಕೊಟ್ರು.

ರಿಯಾಕ್ಟ್ ಅನ್ನೋ, ಸ್ಕ್ರೀನ್ ಕಟ್ಟೋ ಜಾವಾಸ್ಕ್ರಿಪ್ಟ್ ಲೈಬ್ರರಿನಾಗ ಪುಷ್ಪಾವರಣ, ಅಂದ್ರ ಕರ್ಲಿ ಬ್ರ್ಯಾಕೆಟ್, ಒಳಗ ವ್ಯಾಲ್ಯೂ ಕೊಡೋ ಎಕ್ಸ್‌ಪ್ರೆಶನ್ ಅಷ್ಟ ಕುಂದ್ರೋದು, ಇಫ್ ಕುಂದ್ರಂಗಿಲ್ಲ. ಅಲ್ಲಿ && (ಎಡಕ್ಕಿಂದು ಖರೆ ಆದ್ರಷ್ಟ ಬಲಕ್ಕಿಂದು ತಗೋ ಅಂತ) ಬಳಸಿ, ಎಡಕ್ಕ ಸೊನ್ನೆ ಬಂದ್ರ ಸ್ಕ್ರೀನ್ ಮ್ಯಾಲೆ ಒಂದು 0 ಹಂಗ ಕಾಣ್ತೈತಿ, ಎಣಿಕಿ > 0 ಅಂತ ಬರೀರಿ ಅಂದ್ರು.

ಕೊರತಿ ಅಂದ್ರ ಪ್ರಶ್ನಾರ್ಥಕದ (? : ಸಾಲಿನ) ಒಳಗ ಇನ್ನೊಂದು ಪ್ರಶ್ನಾರ್ಥಕ ಹಾಕೋದನ್ನ ಹತ್ತ ನಿಮಿಷದಾಗ ಮುಗಿಸಿಬಿಟ್ರು. ಅದು ಸಾಲದು. ನನ್ನ ಪ್ರಕಾರ ಎರಡು ಮೆಟ್ಲ ದಾಟಿದ್ರ ಬ್ಯಾರೆ ಫಂಕ್ಷನ್ ಮಾಡಿ ಒಳಗ ಇಫ್, ರಿಟರ್ನ್ ಬರಿಯೋದ ಚಲೋ, ಆರು ತಿಂಗಳಾದ್ಮ್ಯಾಲೆ ನಮಗ ಓದಾಕ ಬರಬೇಕಲ್ರಿ.

ಹೋಗೋರು ಲ್ಯಾಪ್‌ಟಾಪ್ ಫುಲ್ ಚಾರ್ಜ್ ಮಾಡ್ಕೊಂಡು ಹೋಗ್ರಿ, ಕರೆಂಟ್ ಹೋದ್ರ ಇನ್ವರ್ಟರ್ ಫ್ಯಾನಿಗೆ ಲೈಟಿಗೆ ಅಷ್ಟ ಐತಿ.